ಎಕ್ಕದ ಹುಳ ಚಿಟ್ಟೆಯಾಗುವಾಗ ಅದರ ಕರುಳು ಯಾಕೆ ಸೋರುವುದಿಲ್ಲ?

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಬೇಲಿಯಲ್ಲಿರುವ ಎಕ್ಕದ ಗಿಡದಿಂದ ಪಟ್ಟೆಪಟ್ಟೆ ಹುಳಗಳನ್ನು ತಂದು ಮಕ್ಕಳ ಜೊತೆ ಡಬ್ಬಿಯಲ್ಲಿ ಸಾಕಿದ್ದೆ. ಪ್ಯೂಪಾ (ಚಿಟ್ಟೆಯಾಗುವ ಮುಂಚೆ ಕವಚದೊಳಗೆ ಸುಮ್ಮನಿರುವ ಹಂತ) ಆಗುವ ಮುಂಚೆ ಹುಳ ನೀರುನೀರಾಗಿ ಹಿಕ್ಕೆ ಹಾಕಿತು. ಒಂಬತ್ತನೇ ದಿನ ಚಿಟ್ಟೆ ಹೊರಬಂತು. ಕೆಳಗಿದ್ದ ಬಿಳಿ ಹಾಳೆಯ ಮೇಲೆ ಕೆಂಪು ಮಿಶ್ರಿತ ಕಂದು ಹನಿ ಬಿಟ್ಟಿತು. ಮಕ್ಕಳು ರಕ್ತ ಅಂತ ಗಾಬರಿಯಾದರು. ಆಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಒಳಗೆ ಹುಳ ಪೂರ್ತಿ ಕರಗಿ ಗಂಜಿ ಆಗುತ್ತೆ ಅಂತ ವಿಡಿಯೊದಲ್ಲಿ ನೋಡಿದ್ದೆ. ಹೊಟ್ಟೆನೂ ಕರಗಿದ್ರೆ ಒಳಗಿನ ಹೊಲಸು ಮೈಯೆಲ್ಲಾ ಹರಡಿ ಅದು ಸಾಯಬೇಕಲ್ವಾ?” ನನಗೆ ಉತ್ತರ ಹೊಳೆಯಲಿಲ್ಲ. ಕಲೆಯಾದ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ನನ್ನ ಶಾಬಾಸ್ ಹೇಳಿ. ಕೀಟಗಳ ಕರುಳನ್ನೇ ಜೀವನಪೂರ್ತಿ ಓದಿದವರು ಕೇಳುವ ಪ್ರಶ್ನೆ ಅದು. ಅವಳ ತರ್ಕದಲ್ಲಿ ತಪ್ಪಿಲ್ಲ. ಹೊಟ್ಟೆ ನಿಜವಾಗಿಯೂ ಕರಗಿ ಹರಡಿದರೆ ಹುಳ ಸಾಯಲೇಬೇಕು. ಸಾಯುವುದಿಲ್ಲ ಅಂದಮೇಲೆ ‘ಪೂರ್ತಿ ಕರಗುತ್ತದೆ’ ಅನ್ನುವ ಮಾತೇ ಸರಿಯಿರಲಿಕ್ಕಿಲ್ಲ, ಅಲ್ವಾ? ಅದು ಸರಿಯಿಲ್ಲ. ಹಳೇ ಕರುಳಿನ ಗೋಡೆ ಬೀಳುವ ಮೊದಲೇ ಅದರ ಬೆನ್ನಿಗೆ ಹೊಸ ಗೋಡೆ ಎದ್ದು, ಸಂದುಗಳೆಲ್ಲ ಮುಚ್ಚಿರುತ್ತವೆ.

ಆ ವಿಡಿಯೊ ಮಾಡಿದವರನ್ನು ನಾನು ದೂರುವುದಿಲ್ಲ. ರಾಯಚೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವಾಗ ನಾನೂ ಹಲವು ವರ್ಷ ‘ಗಂಜಿ’ ಅಂತಲೇ ಹೇಳಿದ್ದೆ. ಯಾಕೆಂದರೆ ಎಳೆಯ ಪ್ಯೂಪಾವನ್ನು ಸೂಜಿಯಿಂದ ಚುಚ್ಚಿದರೆ ಮಂದವಾದ ದ್ರವ ಹೊರಬರುತ್ತದೆ. ನೋಡಿದವರಿಗೆ ಒಳಗೆ ಬೇರೇನೂ ಇಲ್ಲ ಅನ್ನಿಸುತ್ತದೆ. ಆಮೇಲೆ ರೇಷ್ಮೆ ಸಾಕುವ ಸ್ನೇಹಿತರೊಬ್ಬರು ಕೊಟ್ಟ ಪ್ಯೂಪಾಗಳನ್ನು ಉಪ್ಪುನೀರಿನ ತಟ್ಟೆಯಲ್ಲಿ ಮುಳುಗಿಸಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಬಿಡಿಸಿದೆ. ದ್ರವ ನೀರಿನಲ್ಲಿ ತೇಲಿಹೋಯಿತು. ನಡುವೆ ಹಳದಿ ಬಣ್ಣದ ಚೀಲವೊಂದು ಹಾಗೇ ಉಳಿಯಿತು. ಅದೇ ಕರುಳು. ಗಂಜಿಯಂತೆ ಕಂಡದ್ದು ಹುಳದ ರಕ್ತ ಮತ್ತು ಬಿಡಿಬಿಡಿಯಾಗಿದ್ದ ಕೊಬ್ಬಿನ ಕೋಶಗಳು. ಕೀಟಗಳಿಗೆ ನಮ್ಮ ಹಾಗೆ ರಕ್ತನಾಳಗಳ ಜಾಲ ಇಲ್ಲ. ರಕ್ತ ಮೈಯೊಳಗೆ ತುಂಬಿಕೊಂಡೇ ಇರುತ್ತದೆ, ಎಲ್ಲಾ ಅಂಗಗಳೂ ಅದರಲ್ಲಿ ಮುಳುಗಿರುತ್ತವೆ. ಚುಚ್ಚಿದಾಗ ಮೊದಲು ಬರುವುದು ಅದೇ.

2013ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇನ್ನೂ ಚೆನ್ನಾದ ಸಾಕ್ಷಿ ಕೊಟ್ಟರು. ಪೇಂಟೆಡ್ ಲೇಡಿ ಅನ್ನುವ ಚಿಟ್ಟೆಯ ಜೀವಂತ ಪ್ಯೂಪಾಗಳನ್ನು ಕೊಯ್ಯದೆ, ದಿನದಿಂದ ದಿನಕ್ಕೆ ಸಿಟಿ ಸ್ಕ್ಯಾನ್ ಮಾಡಿದರು. ಉಸಿರಾಟದ ನಳಿಗೆಗಳು ಶುರುವಿನಿಂದಲೇ ಕಂಡವು. ಕರುಳಿನ ಕೊಳವೆಯೂ ಕಂಡಿತು. ಅದರ ಆಕಾರ ಬದಲಾಯಿತು, ಜಾಗ ಸರಿಯಿತು. ಕಾಣೆಯಾಗಲಿಲ್ಲ. ಹುಳದ ಹಲವು ಸ್ನಾಯುಗಳು ಕರಗುವುದು, ಕೊಬ್ಬು ಸಡಿಲವಾಗುವುದು ನಿಜ. ಎಲ್ಲವೂ ಕರಗುವುದು ಮಾತ್ರ ಸುಳ್ಳು.

ಈಗ ಕರುಳಿಗೆ ಬರೋಣ. ಹುಳದ ಕರುಳು ಬಾಯಿಂದ ಗುದದವರೆಗಿನ ನೇರವಾದ ಕೊಳವೆ. ಮುಂದಿನ ಮತ್ತು ಹಿಂದಿನ ಭಾಗಕ್ಕೆ ಒಳಗಡೆ ತೆಳುವಾದ ಪೊರೆ ಇರುತ್ತದೆ. ಅದು ಮೈ ಮೇಲಿನ ಪೊರೆಯಂಥದ್ದೇ. ಹುಳ ಪೊರೆ ಬಿಟ್ಟಾಗ ಅದೂ ಕಳಚಿ ಬರುತ್ತದೆ. ನಡುಗರುಳಿಗೆ ಆ ರಕ್ಷಣೆ ಇಲ್ಲ. ತಿಂದದ್ದು ಜೀರ್ಣವಾಗಿ ರಕ್ತಕ್ಕೆ ಸೇರುವ ಜಾಗ ಅದು, ಗಟ್ಟಿ ಪೊರೆ ಹಾಕಿದರೆ ಕೆಲಸ ನಡೆಯುವುದಿಲ್ಲ. ಊಟದ ಸುತ್ತ ಒಂದು ತೆಳ್ಳನೆಯ ಜಾಲರಿ ಚೀಲ ಇರುತ್ತದೆ, ಅಷ್ಟೇ. ಅದರಾಚೆ ಕರುಳಿಗೂ ರಕ್ತಕ್ಕೂ ನಡುವೆ ಇರುವುದು ಜೀವಕೋಶಗಳ ಒಂದೇ ಒಂದು ಸಾಲು.

ಆ ಒಂದು ಸಾಲು ಏನನ್ನು ತಡೆಯಬೇಕು ಅಂತ ಯೋಚಿಸಿ. ಎಲೆ ತಿನ್ನುವ ಹುಳಗಳ ನಡುಗರುಳು ಹುಳಿಯಲ್ಲ, ಕ್ಷಾರ. ಎಷ್ಟೋ ಹುಳಗಳಲ್ಲಿ ಪಿಎಚ್ 10 ದಾಟುತ್ತದೆ. ಸುಣ್ಣದ ತಿಳಿನೀರಿನದು ಸುಮಾರು 12. ಅಂದರೆ ಆ ದಾರಿಯಲ್ಲೇ ಇದೆ. ಅದರ ಜೊತೆ ಜೀರ್ಣರಸಗಳು, ಬ್ಯಾಕ್ಟೀರಿಯಾ, ಎಲೆಯೊಳಗಿನ ವಿಷ. ಗೋಡೆಯ ಆಚೆ ಬದಿಯ ರಕ್ತದ ಪಿಎಚ್ 7ರ ಹತ್ತಿರ ಇರಬೇಕು.

ಹಾಗಾದರೆ ಪಕ್ಕಪಕ್ಕದ ಎರಡು ಜೀವಕೋಶಗಳ ನಡುವಿನ ಸಂದಿನಲ್ಲಿ ಸೋರದಂತೆ ತಡೆಯುವುದು ಏನು? ನಿಮ್ಮ ಮಕ್ಕಳಿಗೆ ಕೌದಿ ತೋರಿಸಿ ವಿವರಿಸಿ. ನಮ್ಮ ಕಡೆ ಅಜ್ಜಿಯರು ಹಳೇ ಸೀರೆ, ಧೋತರದ ತುಂಡುಗಳನ್ನು ಹಾಸಿ ಕೌದಿ ಹೊಲಿಯುತ್ತಾರೆ. ಒಂದು ಸಾಲು ಹಾಕಿ ಬಿಡುವುದಿಲ್ಲ. ಒತ್ತೊತ್ತಾಗಿ ಸಾಲಿನ ಮೇಲೆ ಸಾಲು ಹಾಕುತ್ತಾರೆ. ಅದಕ್ಕೇ ಒಂದು ಸಾಲಿನ ದಾರ ಕಡಿದರೂ ಕೌದಿ ಬಿಚ್ಚಿಕೊಳ್ಳುವುದಿಲ್ಲ. ಕೀಟದ ಕರುಳಿನ ಜೀವಕೋಶಗಳ ನಡುವೆಯೂ ಇಂಥ ಹೊಲಿಗೆ ಇದೆ. ಅದರ ಹೆಸರು ಸೆಪ್ಟೇಟ್ ಜಂಕ್ಷನ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಡ್ಡ ಕೊಯ್ದು ನೋಡಿದರೆ ಏಣಿಯ ಮೆಟ್ಟಿಲುಗಳ ಹಾಗೆ ಕಾಣುತ್ತದೆ. ಒಂದೊಂದು ಮೆಟ್ಟಿಲೂ ಒಂದು ಸಾಲು ಹೊಲಿಗೆ. ಎರಡು ಕೋಶಗಳ ನಡುವಿನ ಸಂದು 15ರಿಂದ 20 ನ್ಯಾನೊಮೀಟರ್ ಅಷ್ಟೇ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 15–20 ಭಾಗ. ಅಷ್ಟು ಕಿರಿದಾದ ಸಂದಿಗೂ ಅಡ್ಡಗೋಡೆ ಮೇಲೆ ಅಡ್ಡಗೋಡೆ. ದ್ರವ ನುಸುಳಬೇಕಾದರೆ ಎಲ್ಲವನ್ನೂ ದಾಟಬೇಕು.

ನಮ್ಮ ಕರುಳಿನಲ್ಲಿ ಈ ಕೆಲಸಕ್ಕೆ ಬೇರೆ ಬಗೆಯ ಜೋಡಣೆ ಇದೆ, ಅದಕ್ಕೆ ಟೈಟ್ ಜಂಕ್ಷನ್ ಅನ್ನುತ್ತಾರೆ. ಅಲ್ಲಿ ಎರಡು ಕೋಶಗಳ ಪೊರೆಗಳು ಒಂದಕ್ಕೊಂದು ಅಂಟಿಕೊಂಡೇ ಬಿಡುತ್ತವೆ. ಕೀಟಗಳು ಸಂದನ್ನು ಬಿಟ್ಟು, ಅದಕ್ಕೆ ಸಾಲು ಹಾಕುವ ದಾರಿ ಹಿಡಿದಿವೆ. ಅದರಲ್ಲೂ ಎರಡು ಬಗೆ. ಚರ್ಮ, ಮುಂಗರುಳು, ಹಿಂಗರುಳಿನಲ್ಲಿ ಹೊಲಿಗೆ ನೆರಿಗೆಯಂತೆ ಅಂಕುಡೊಂಕು. ನಡುಗರುಳಿನಲ್ಲಿ ನಯ.

ಈ ನಯವಾದ ಹೊಲಿಗೆಯ ದಾರ ಯಾವುದು ಅನ್ನುವುದು ಬಹಳ ಕಾಲ ಗೊತ್ತಿರಲಿಲ್ಲ. ಹಣ್ಣಿನ ನೊಣದಲ್ಲಿ ಹುಡುಕಿ ತೆಗೆದವರು ಜಪಾನಿನ ಸಂಶೋಧಕರು. 2012ರಲ್ಲಿ ಸ್ನೇಕ್‌ಸ್ಕಿನ್ ಮತ್ತು ಮೆಶ್ ಅನ್ನುವ ಎರಡು ಪ್ರೋಟೀನು, 2016ರಲ್ಲಿ ಟಿಎಸ್‌ಪಿ2ಎ ಅನ್ನುವ ಮೂರನೆಯದು. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ತಮ್ಮ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಇವು ಇಲ್ಲದ ಮರಿಗಳಿಗೆ ಹೊಳೆಯುವ ಬಣ್ಣ ಬೆರೆಸಿದ ಆಹಾರ ತಿನ್ನಿಸಿದರೆ ಬಣ್ಣ ಕರುಳಿನಲ್ಲಿ ನಿಲ್ಲದೆ ಮೈಯೆಲ್ಲಾ ಹರಡುತ್ತದೆ. ಅವು ದೊಡ್ಡದಾಗುವ ಮೊದಲೇ ಸಾಯುತ್ತವೆ. ನಿಮ್ಮ ಹುಡುಗಿ ಕೇಳಿದ್ದನ್ನೇ ಇವರು ಮಾಡಿ ನೋಡಿದ್ದಾರೆ.

ಕರುಳು ಸೋರಿದರೆ ಸಾವು ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ಹೊಲಗಳಲ್ಲೇ ಉದಾಹರಣೆ ಇದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಮಕ್ಕಳಿಗೆ ಹತ್ತಿ ಹೊಲ ಹೊಸದಲ್ಲ. 2002ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಆ ಗಿಡದೊಳಗಿರುವ ಬ್ಯಾಕ್ಟೀರಿಯಾದ ಪ್ರೋಟೀನು ಕಾಯಿಕೊರಕದ ನಡುಗರುಳಿಗೆ ಹೋಗಿ, ಅಲ್ಲಿನ ಜೀವಕೋಶಗಳ ಮೇಲ್ಮೈಗೆ ಕಚ್ಚಿಕೊಂಡು ತೂತು ಕೊರೆಯುತ್ತದೆ. ಕೋಶಗಳು ಉಬ್ಬಿ ಒಡೆಯುತ್ತವೆ. ಗೋಡೆ ಹರಿದು ಒಳಗಿನದು ರಕ್ತಕ್ಕೆ ನುಗ್ಗುತ್ತದೆ. ಇಲ್ಲಿ ಪೆಟ್ಟು ಬೀಳುವುದು ಹೊಲಿಗೆಗಲ್ಲ, ನೇರ ಕೋಶಕ್ಕೇ. ಆದರೂ ಕೊನೆ ಒಂದೇ. ಗುಲಾಬಿ ಕಾಯಿಕೊರಕ ಈಗ ಬಿಟಿಗೆ ಬಗ್ಗದಿರುವುದಕ್ಕೆ ಒಂದು ಕಾರಣ, ವಿಷ ಕಚ್ಚಿಕೊಳ್ಳುತ್ತಿದ್ದ ಕ್ಯಾಡ್‌ಹೆರಿನ್ ಅನ್ನುವ ಪ್ರೋಟೀನು ಬದಲಾಗಿರುವುದು. ಕೊಕ್ಕೆಯ ಆಕಾರ ಬದಲಾದರೆ ಚೀಲ ನೇತುಹಾಕುವುದು ಹೇಗೆ?

ಹೊಲಿಗೆಯ ಜೊತೆಗೆ ಇನ್ನೊಂದು ಜೋಡಣೆಯೂ ಇದೆ. ಅದು ಗ್ಯಾಪ್ ಜಂಕ್ಷನ್. ಇದು ಮುಚ್ಚುವುದಕ್ಕಲ್ಲ, ಮಾತಾಡುವುದಕ್ಕೆ. ಪಕ್ಕದ ಮನೆಯ ಗೋಡೆಯಲ್ಲಿ ಚಿಕ್ಕ ಕಿಂಡಿ ಇಟ್ಟು ಉಪ್ಪು, ಸಕ್ಕರೆ ಕೊಟ್ಟು ತೆಗೆದುಕೊಂಡ ಹಾಗೆ. ಒಂದು ಕೋಶದಿಂದ ಇನ್ನೊಂದಕ್ಕೆ ಸಣ್ಣ ಕಣಗಳು, ಲವಣಗಳು ನೇರವಾಗಿ ಹೋಗುತ್ತವೆ. ಕೀಟಗಳಲ್ಲಿ ಈ ಕಿಂಡಿಗಳನ್ನು ಕಟ್ಟುವ ಪ್ರೋಟೀನಿಗೆ ಇನೆಕ್ಸಿನ್ ಅನ್ನುತ್ತಾರೆ. ಕೇಂಬ್ರಿಡ್ಜಿನ ನ್ಯಾನ್ಸಿ ಲೇನ್ ಕೀಟಗಳ ಇಂಥ ಜೋಡಣೆಗಳನ್ನು ವರ್ಷಗಟ್ಟಲೆ ನೋಡಿದವರು. ಅಂಗಾಂಶವನ್ನು ಹೆಪ್ಪುಗಟ್ಟಿಸಿ, ಒಡೆದು, ಕೋಶದ ಪೊರೆಯನ್ನೇ ಎರಡು ಹಾಳೆಯಾಗಿ ಸೀಳಿ ನೋಡುವ ವಿಧಾನ ಅವರದು. ಸೀಳಿದ ಮೇಲೆ ಕಿಂಡಿಗಳು ಚುಕ್ಕಿಗಳ ಗುಂಪಾಗಿ ಕಾಣುತ್ತವೆ. ನೊಣ ರೂಪ ಬದಲಿಸುವಾಗ ಅದರ ನರಮಂಡಲದಲ್ಲಿ ಕಿಂಡಿಗಳು ಮಾಯವಾಗುವುದನ್ನು ಅವರ ತಂಡ ಹಿಂಬಾಲಿಸಿತು. ಕೋಶ ಅವುಗಳನ್ನು ನುಂಗಿ ಹಾಕುತ್ತಿರಲಿಲ್ಲ. ಗುಂಪಾಗಿದ್ದ ಚುಕ್ಕಿಗಳು ಪೊರೆಯ ಮೇಲೆಯೇ ಚದುರಿ ಹೋಗುತ್ತಿದ್ದವು. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಜೋಡಣೆ ಬಿಡುವುದು ಅಂದರೆ ಹರಿದುಹೋಗುವುದು ಅಂತಲೇ ಅಲ್ಲ, ಕ್ರಮವಾಗಿ ಬಿಚ್ಚುವುದೂ ಹೌದು.

ಇನ್ನು ನಿಮ್ಮ ಡಬ್ಬಿಯಲ್ಲಿ ನಡೆದದ್ದಕ್ಕೆ ಬರುತ್ತೇನೆ. ಹುಳ ಕೊನೆಯಲ್ಲಿ ನೀರುನೀರಾಗಿ ಹಿಕ್ಕೆ ಹಾಕಿತು ಅಂದಿರಲ್ಲ, ಕಾಯಿಲೆಯಿಂದ ಅಲ್ಲ ಅದು. ದೊಡ್ಡ ಕೆಲಸಕ್ಕೆ ಮುಂಚೆ ಹೊಟ್ಟೆ ಖಾಲಿ ಮಾಡಿಕೊಳ್ಳುವುದು. ರೇಷ್ಮೆ ಸಾಕುವವರಿಗೆ ಇದು ಚೆನ್ನಾಗಿ ಗೊತ್ತು. ಹುಳ ಸೊಪ್ಪು ಬಿಟ್ಟು, ಹೊಟ್ಟೆ ಖಾಲಿ ಮಾಡಿ, ಮೈ ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾದಾಗ ‘ಹುಳ ಹಣ್ಣಾಯಿತು’ ಅನ್ನುತ್ತಾರೆ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾರೆ. ಇದನ್ನೆಲ್ಲ ನಡೆಸುವುದು ಎಕ್ಡೈಸೋನ್ ಅನ್ನುವ ಹಾರ್ಮೋನು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಇದನ್ನು ಮೊದಲ ಸಲ ಶುದ್ಧವಾಗಿ ತೆಗೆದರು. ಅದಕ್ಕೆ ಬಳಸಿದ್ದು 500 ಕಿಲೊ ರೇಷ್ಮೆ ಪ್ಯೂಪಾ. ಸಿಕ್ಕಿದ್ದು 25 ಮಿಲಿಗ್ರಾಂ! ಅಷ್ಟು ಕಡಿಮೆ ಸಾಕು ಹುಳಕ್ಕೆ.

ಹುಳ ಎಲೆ ತಿನ್ನುತ್ತಿರುವಾಗಲೇ ಅದರ ಕರುಳಿನಲ್ಲಿ ಮುಂದಿನ ತಲೆಮಾರು ಕಾದು ಕುಳಿತಿರುತ್ತದೆ. ದೊಡ್ಡ ಕೋಶಗಳ ಬುಡದಲ್ಲಿ, ರಕ್ತದ ಕಡೆಗೆ, ಹೊಸ ಕೋಶಗಳನ್ನು ಹುಟ್ಟಿಸುವ ಪುಟ್ಟ ಪುಟ್ಟ ಮೂಲಕೋಶಗಳು ಇರುತ್ತವೆ. ಅವು ಊಟದ ಕಡೆ ಮುಖ ಹಾಕಿರುವುದಿಲ್ಲ. ಹುಳ ಪೊರೆ ಬಿಡುವಾಗಲೆಲ್ಲ ಇವು ಹೆಚ್ಚಿ, ದೊಡ್ಡ ಕೋಶಗಳ ನಡುವೆ ತೂರಿ ಸೇರಿಕೊಳ್ಳುತ್ತವೆ. ಕರುಳು ಬೆಳೆಯುವುದು ಹೀಗೆ. ಪ್ಯೂಪಾ ಆಗುವ ಹೊತ್ತಿಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಮೂಲಕೋಶಗಳು ನಡುವೆ ಸೇರುವುದರ ಬದಲು ಬುಡದಲ್ಲೇ ಒಂದಕ್ಕೊಂದು ಕೈ ಹಿಡಿದು, ಕೆಳಗೆ ತಮ್ಮದೇ ಪೂರ್ತಿ ಸಾಲು ಕಟ್ಟುತ್ತವೆ. ಕೆಲಹೊತ್ತು ಎರಡು ಗೋಡೆ ಒಟ್ಟಿಗೆ ಇರುತ್ತವೆ. ಆಮೇಲೆ ಹಳೆಯ ಸಾಲು ಹೊಸದರಿಂದ ಬಿಟ್ಟುಕೊಂಡು ಒಳಗಿನ ಪೊಳ್ಳಿಗೆ ಉದುರುತ್ತದೆ. ಗಮನಿಸಿ, ಉದುರುವುದು ಕೊಳವೆಯ ಒಳಕ್ಕೆ. ರಕ್ತದ ಕಡೆಗಲ್ಲ.

ತುಂಗಭದ್ರಾ ಡ್ಯಾಂ ನಿಮ್ಮ ಮಕ್ಕಳಿಗೆ ಹತ್ತಿರದ್ದು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದದ್ದು ಅವರಿಗೆ ನೆನಪಿರುತ್ತದೆ. ರೈತರಿಗೆಲ್ಲ ನಿದ್ದೆ ಇರಲಿಲ್ಲ. ನೀರು ಧುಮ್ಮಿಕ್ಕುತ್ತಿರುವಾಗಲೇ ತಾತ್ಕಾಲಿಕ ಅಡ್ಡಗೇಟು, ಅಂದರೆ ಸ್ಟಾಪ್‌ಲಾಗ್ ಇಳಿಸಿ ಮುಚ್ಚುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಹುಳ ಮಾಡುವುದು ಇದರ ತಿರುವುಮುರುವು. ಹಳೇ ಗೇಟು ಇನ್ನೂ ಗಟ್ಟಿಯಾಗಿರುವಾಗಲೇ ಅದರ ಹಿಂದೆ ಸ್ಟಾಪ್‌ಲಾಗ್ ಇಳಿಸುತ್ತದೆ. ಮೊದಲು ನೀರನ್ನೂ ಕಡಿಮೆ ಮಾಡಿಕೊಂಡಿರುತ್ತದೆ, ಆ ಕೊನೆಯ ಹಿಕ್ಕೆ ನೆನಪಿಸಿಕೊಳ್ಳಿ. ಆಮೇಲೆ ಹಳೇ ಗೇಟು ಬಿಡುತ್ತದೆ.

ಹೊಸ ಕೋಶ ಗೋಡೆಯೊಳಗೆ ಸೇರುವಾಗ ಒಂದು ಕ್ಷಣವೂ ಸಂದು ತೆರೆಯದೆ ಇರುವುದು ಹೇಗೆ? ಇದಕ್ಕೆ ಬಹಳ ಚಂದದ ಉತ್ತರ ಬೆಳೆದ ಹಣ್ಣಿನ ನೊಣದ ಕರುಳಿನಲ್ಲಿ ಸಿಕ್ಕಿದೆ, 2022ರಲ್ಲಿ ಕೇಂಬ್ರಿಡ್ಜಿನಿಂದ ಪ್ರಕಟವಾಯಿತು. ಹೊಸ ಕೋಶ ಕೆಳಗಿನಿಂದ ಮೇಲೆ ಬರುವಾಗ ಮೇಲಿರುವ ಹಳೇ ಕೋಶಗಳ ಹೊಲಿಗೆಯ ಕೆಳಗೇ ನಿಲ್ಲುತ್ತದೆ. ಅಲ್ಲಿ ಅಕ್ಕಪಕ್ಕದ ಕೋಶಗಳ ಜೊತೆ ತನ್ನ ಹೊಲಿಗೆ ಹಾಕಿಕೊಳ್ಳುತ್ತದೆ. ಊಟದ ಕಡೆ ಇರಬೇಕಾದ ಮುಖವನ್ನೂ ಅಲ್ಲೇ, ಮುಚ್ಚಿದ ಪುಟ್ಟ ಜೇಬಿನೊಳಗೆ, ತಯಾರು ಮಾಡಿಕೊಳ್ಳುತ್ತದೆ. ಎಲ್ಲಾ ಸಿದ್ಧವಾದ ಮೇಲೆ ಮೇಲಿನ ಹಳೇ ಹೊಲಿಗೆ ಬಿಚ್ಚುತ್ತದೆ, ಜೇಬು ಕರುಳಿಗೆ ತೆರೆದುಕೊಳ್ಳುತ್ತದೆ. ಇದು ರೂಪಾಂತರದ ಸಮಯದ ಪ್ರಯೋಗ ಅಲ್ಲ, ದಿನನಿತ್ಯದ ರಿಪೇರಿಯದು. ಆದರೆ ಮೊದಲು ಹೊಲಿ, ಆಮೇಲೆ ಬಿಚ್ಚು ಅನ್ನುವ ಕ್ರಮ ಎರಡೂ ಕಡೆ ಕಾಣುತ್ತದೆ.

ನೊಣದ ಮರಿಯಲ್ಲಿ ಇನ್ನೊಂದು ಸೊಗಸು ಇದೆ. ಅದರ ಮೂಲಕೋಶಗಳು ಕರುಳಿನುದ್ದಕ್ಕೂ ದ್ವೀಪಗಳ ಹಾಗೆ ಗುಂಪುಗುಂಪಾಗಿ ಇರುತ್ತವೆ. ಗುಂಪಿನ ಸುತ್ತ ಕೆಲವು ಕೋಶಗಳು ತಬ್ಬಿಕೊಂಡು ಕಾವಲಿರುತ್ತವೆ. ಪ್ಯೂಪಾ ಆಗುವಾಗ ಕಾವಲಿನ ಕೋಶಗಳು ಕೈ ಬಿಚ್ಚಿ, ಪಕ್ಕದ ದ್ವೀಪದ ಕಾವಲಿನವರನ್ನು ಹಿಡಿದು, ತಾತ್ಕಾಲಿಕವಾದ ಒಂದು ಗೋಡೆ ಕಟ್ಟುತ್ತವೆ. ಅದರ ಹೊರಗಡೆ ನಿಜವಾದ ಹೊಸ ಕರುಳು ಬೆಳೆಯುತ್ತದೆ. ಆಮೇಲೆ ತಾತ್ಕಾಲಿಕ ಗೋಡೆಯೂ ಒಳಕ್ಕೆ ಉದುರುತ್ತದೆ. ಮನೆ ಕಟ್ಟುವಾಗ ಮೊದಲು ಶೆಡ್ ಹಾಕಿದ ಹಾಗೆ, ಅಷ್ಟೇ.

ಉದುರಿದ ಹಳೇ ಗೋಡೆ ಸುಮ್ನೆ ವ್ಯರ್ಥವಾಗುವುದಿಲ್ಲ. ಆ ಕೋಶಗಳು ಸಾಯುವ ಮುಂಚೆ ತಮ್ಮನ್ನು ತಾವೇ ಒಳಗಿನಿಂದ ಜೀರ್ಣ ಮಾಡಿಕೊಳ್ಳಲು ಶುರುಮಾಡುತ್ತವೆ. ಇದಕ್ಕೆ ಆಟೋಫೇಜಿ ಅನ್ನುತ್ತಾರೆ. ಈ ಕ್ರಿಯೆಯ ಗುಟ್ಟು ಬಿಡಿಸಿದ್ದಕ್ಕೆ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರ ನೊಬೆಲ್ ಬಂತು. ಅವರು ಕೆಲಸ ಮಾಡಿದ್ದು ಯೀಸ್ಟಿನಲ್ಲಿ. ರೇಷ್ಮೆ ಹುಳದ ಕರುಳಿನಲ್ಲಿ ಮೊದಲು ಆಟೋಫೇಜಿ, ನಂತರ ಉಳಿದ ಸಾವಿನ ಹಂತಗಳು ನಡೆಯುವುದನ್ನು ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಬಿದ್ದ ಗೋಡೆ ಹೊಸ ಕರುಳಿನ ನಡುವೆ ಹಳದಿ ಮುದ್ದೆಯಾಗುತ್ತದೆ. ಹೊಸ ಕರುಳು ಅದರ ಸಾರವನ್ನು ಹೀರಿಕೊಳ್ಳುತ್ತದೆ. ತಿನ್ನಲು ಬಾಯಿ ಇಲ್ಲದ ದಿನಗಳಲ್ಲಿ ಪ್ಯೂಪಾಗೆ ಇದೂ ಒಂದು ಬುತ್ತಿ. ನಾನು ತಟ್ಟೆಯಲ್ಲಿ ನೋಡಿದ ಹಳದಿ ಚೀಲಕ್ಕೆ ಬಣ್ಣ ಬಂದದ್ದು ಇದರಿಂದಲೇ.

ಬ್ಯಾಕ್ಟೀರಿಯಾದ ವಿಚಾರ ಹುಡುಗಿ ಕೇಳದಿದ್ದರೂ ಅವಳ ಪ್ರಶ್ನೆಯೊಳಗೇ ಇದೆ. ಹೊಟ್ಟೆ ಖಾಲಿ ಮಾಡಿದರೂ ಒಂದಿಷ್ಟು ಉಳಿಯುತ್ತವೆ. ತಂಬಾಕು ಗಿಡದ ಹುಳ ಮ್ಯಾಂಡುಕಾದಲ್ಲಿ ನೋಡಿದಂತೆ, ಕರುಳಿನ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಅನ್ನುವ ಪ್ರೋಟೀನನ್ನು ಮೊದಲೇ ಕೂಡಿಟ್ಟು, ಸರಿಯಾಗಿ ಪ್ಯೂಪಾ ಆಗುವ ಸಮಯಕ್ಕೆ ಕರುಳಿನೊಳಗೆ ಸುರಿಯುತ್ತವೆ. ಗೋಡೆ ಬದಲಿಸುವ ದಿನ ಮನೆ ಔಷಧಿ ಹಾಕಿ ತೊಳೆದ ಹಾಗೆ.

ಹೊಸ ಕರುಳು ಹಳೆಯದರ ನಕಲಲ್ಲ. ಎಲೆ ಅರಗಿಸುವುದು ಬೇಕಿಲ್ಲ, ಇನ್ನು ಹೂವಿನ ಮಕರಂದ. ಹುಳದ ನಡುಗರುಳು ಮೈಯೆಲ್ಲಾ ತುಂಬಿಕೊಂಡಿತ್ತು. ಚಿಟ್ಟೆಯದು ಚಿಕ್ಕದು. ಹಾರುವವರಿಗೆ ಹಗುರವೇ ಬೇಕಲ್ಲ.

ಕೊನೆಗೆ ನಿಮ್ಮ ಹಾಳೆ. ಆ ಹನಿ ರಕ್ತ ಅಲ್ಲ, ಮಕ್ಕಳಿಗೆ ಧೈರ್ಯವಾಗಿ ಹೇಳಿ. ಅದರ ಹೆಸರು ಮೆಕೋನಿಯಂ. ಒಂಬತ್ತು ದಿನ ಮುಚ್ಚಿದ ಮನೆಯೊಳಗೆ ನಡೆದ ಕೆಲಸದ ಕಸವೆಲ್ಲ ಹಿಂಗರುಳಿನಲ್ಲಿ ಕೂಡಿಕೊಂಡು, ರೆಕ್ಕೆ ಬಿಚ್ಚುವ ಹೊತ್ತಿಗೆ ಹೊರಬರುತ್ತದೆ. ಅದರಲ್ಲಿ ಯೂರಿಕ್ ಆಮ್ಲ ಇದೆ, ಉಳಿಕೆ ಬಣ್ಣ ಇದೆ, ಹೀರಿ ಬಿಟ್ಟ ಹಳೇ ಕರುಳಿನ ಚೂರೂ ಇದೆ. ಅಂದರೆ ಎಲೆ ತಿಂದ ಹೊಟ್ಟೆಯ ಕೊನೆಯ ಗುರುತು ನಿಮ್ಮ ಬಳಿ ಇದೆ.

ಮತ್ತೆ ಸಾಕುವಾಗ ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಎಲೆ ನೀವೇ ಕಿತ್ತು ತನ್ನಿ, ಮಕ್ಕಳಿಂದ ಕೀಳಿಸಬೇಡಿ. ಡಬ್ಬಿ ಮುಟ್ಟಿದವರೆಲ್ಲ ಸೋಪಿನಿಂದ ಕೈ ತೊಳೆಯಲಿ. ಕೊನೆಯ ನೀರು ಹಿಕ್ಕೆ ಯಾವ ದಿನ, ಎಷ್ಟು ಹೊತ್ತಿಗೆ, ತಲೆಕೆಳಗಾಗಿ ನೇತಾಡಿದ್ದು ಯಾವಾಗ, ಚಿಟ್ಟೆ ಬಂದದ್ದು ಯಾವಾಗ, ಇಷ್ಟನ್ನು ಬರೆಸಿ. ಪ್ಯೂಪಾ ಚುಚ್ಚುವುದು ಬೇಡ. ಆ ಹಾಳೆಯನ್ನು ಎಸೆಯಬೇಡಿ. ತಾರೀಕು ಹಾಕಿ ತರಗತಿಯ ಗೋಡೆಗೆ ಅಂಟಿಸಿ, ಆ ಕಲೆಯೊಳಗೆ ಏನೇನಿದೆ ಅಂತ ಅದರ ಕೆಳಗೆ ಆ ಹುಡುಗಿಯೇ ತನ್ನ ಮಾತಲ್ಲಿ ಬರೆಯಲಿ.